ಯೋಗ ಶಿಬಿರಕ್ಕೆ ಹೊರಡುವ ರೈತ ಕುಟುಂಬಗಳಿಗೆ



ಕಳೆದ ಜೂನ್ 21ರಂದು ನಮ್ಮ ದೇವಾಲಯದ ಅಂಗಳದಲ್ಲಿ ಸಾಮೂಹಿಕ ಯೋಗಾಭ್ಯಾಸ ಇಟ್ಟುಕೊಂಡಿದ್ದೆವು. ಬಂದವರು ಬಹುಪಾಲು ಶಾಲೆಯ ಮಕ್ಕಳು, ಇಬ್ಬರು ನಿವೃತ್ತ ಮಾಸ್ತರರು, ನಾಲ್ಕಾರು ತರುಣರು, ಮತ್ತು ನಾನು. ಹೊಲದ ಹೆಂಗಸರಲ್ಲಿ ಒಬ್ಬರೂ ಬರಲಿಲ್ಲ. ಮುಂದಿನ ಭಾನುವಾರ ಬಲಿಪೂಜೆಯ ನಂತರ ಕಾರಣ ಕೇಳಿದೆ. ಒಬ್ಬ ತಾಯಿ ನಗುತ್ತಲೇ ಹೇಳಿದರು: "ಫಾದರ್, ದಿನಾ ಪೂರ್ತಿ ಹೊಲದಾಗ ಬಗ್ಗೇ ಇರ್ತೀವಿ. ಮತ್ತ ನಿಮ್ಮ ಅಂಗಳಕ್ಕ ಬಂದು ಬಗ್ಗೋದು ಯಾಕ?"

ಉತ್ತರ ಕೊಡಲು ನನಗೆ ತೋಚಲಿಲ್ಲ. ಆಮೇಲೆ ಯೋಚಿಸಿದಷ್ಟೂ ಆ ತಾಯಿಯ ಮಾತೇ ಸರಿ ಎನ್ನಿಸಿತು. ಪಟ್ಟಣದ ಕುರ್ಚಿಯಲ್ಲಿ ಕೂತು ದುಡಿಯುವವನ ಮೈಗೂ, ಹತ್ತಿ ಬಿಡಿಸುವ, ಭತ್ತ ನಾಟಿ ಮಾಡುವ, ಕಳೆ ಕೀಳುವ ಮೈಗೂ ಒಂದೇ ಅಭ್ಯಾಸ ಹೇಳುವುದು ತಪ್ಪು. ರೈತರಿಗೆ ವ್ಯಾಯಾಮ ಕಡಿಮೆಯಾಗಿಲ್ಲ, ವಿಶ್ರಾಂತಿ ಕಡಿಮೆಯಾಗಿದೆ. ಬಗ್ಗುವುದು ಕಡಿಮೆಯಾಗಿಲ್ಲ, ಹಿಂದಕ್ಕೆ ಬಾಗಿ ಎದೆ ತೆರೆಯುವುದು ಕಡಿಮೆಯಾಗಿದೆ. ಈ ದೃಷ್ಟಿಯಿಂದ ನೋಡಿದರೆ ಯೋಗದ ಕೂಟಗಳಿಂದ, ಅದರಲ್ಲೂ ಊರು ಬಿಟ್ಟು ನಾಲ್ಕೈದು ದಿನ ಇದ್ದು ಬರುವ ಶಿಬಿರಗಳಿಂದ, ನಮ್ಮ ಕುಟುಂಬಗಳಿಗೆ ನಿಜವಾದ ಪ್ರಯೋಜನವಿದೆ. ಆದ್ದರಿಂದ ಈ ತಿಂಗಳ ಕೃಷಿ-ಆರೋಗ್ಯದ ಪುಟವನ್ನು ಆ ವಿಷಯಕ್ಕೆ ಮೀಸಲಿಟ್ಟಿದ್ದೇನೆ.

ಮೊದಲು ತಾರೀಖಿನ ಮಾತು. ವಿಶ್ವಸಂಸ್ಥೆಯ ಮಹಾಸಭೆ 2014ರ ಡಿಸೆಂಬರ್ 11ರಂದು, 177 ರಾಷ್ಟ್ರಗಳ ಸಹಪ್ರಾಯೋಜಕತ್ವದಲ್ಲಿ ಬಂದ ನಿರ್ಣಯದ ಮೂಲಕ, ಜೂನ್ 21ನ್ನು ಅಂತರರಾಷ್ಟ್ರೀಯ ಯೋಗ ದಿನವೆಂದು ಸಾರಿತು. ಮೊದಲ ಆಚರಣೆ 2015ರಲ್ಲಿ ದೆಹಲಿಯ ರಾಜಪಥದಲ್ಲಿ ನಡೆದಾಗ 35,985 ಜನ ಒಟ್ಟಿಗೆ ಸೇರಿದ್ದರು. 2017ರಲ್ಲಿ ಮೈಸೂರಿನ ರೇಸ್ ಕೋರ್ಸ್ ಮೈದಾನದಲ್ಲಿ 55,506 ಜನ ಸೇರಿ ಆ ದಾಖಲೆಯನ್ನು ಮುರಿದರು. ಸಂತೋಷದ ಸಂಗತಿ. ಆದರೆ ಈ ದಿನವನ್ನು ಆರಿಸಿದವರು ನಮ್ಮ ಮಳೆ ನಕ್ಷತ್ರಗಳ ಲೆಕ್ಕ ನೋಡಿರಲಾರರು. ಜೂನ್ 21 ಎಂದರೆ ಮೃಗಶಿರಾ ಮುಗಿದು ಆರಿದ್ರಾ ಹೂಡುವ ಹೊತ್ತು. ನಾರಾಯಣಪೇಟೆ, ಮಕ್ತಲ್ ಕಡೆಯ ಎರೆ ಹೊಲಗಳಲ್ಲಿ ಹದ ಸಿಕ್ಕಿದ ದಿನವೇ ಹತ್ತಿ, ತೊಗರಿ ಬೀಜ ಬೀಳಬೇಕು. ಆ ಬೆಳಿಗ್ಗೆ ರೈತನು ಜಮಖಾನ ಹಾಸಿ ಕೂತರೆ ನಾನೇ ಎಬ್ಬಿಸಿ ಹೊಲಕ್ಕೆ ಕಳಿಸಿಯೇನು. ಹೀಗಾಗಿ ನಮ್ಮವರು ಅಂದು ಬರಲಿಲ್ಲವೆಂದು ಬೇಸರಪಡುವುದರಲ್ಲಿ ಅರ್ಥವಿಲ್ಲ. ಮಳೆಯಾಶ್ರಯದ ಕುಟುಂಬಗಳಿಗೆ ಸಂಕ್ರಾಂತಿಯ ನಂತರ, ಹತ್ತಿಯ ಕೊನೆಯ ಬಿಡಿಸುವಿಕೆ ಮುಗಿದು ತೊಗರಿ ಮನೆಗೆ ಬಂದ ಮೇಲಿನ ದಿನಗಳು ಶಿಬಿರಕ್ಕೆ ತಕ್ಕವು. ಗದ್ವಾಲ ಕಡೆ ಜುರಾಲಾ ನೀರಿನಲ್ಲಿ ಹಿಂಗಾರು ಭತ್ತ ಹಚ್ಚುವವರಿಗೆ ಜನವರಿಯಲ್ಲಿ ನಾಟಿಯ ಗದ್ದಲವಿರುತ್ತದೆ. ಅವರು ಮೊದಲ ಕಳೆ ಮುಗಿಸಿ ಫೆಬ್ರವರಿಯ ಕೊನೆಗೆ ಹೊರಡಬಹುದು. ತಪಸ್ಸುಕಾಲವೂ ಸಾಮಾನ್ಯವಾಗಿ ಆಗಲೇ ಬರುವುದರಿಂದ ಮಿತಾಹಾರದ ಊಟ ಕಷ್ಟವೆನಿಸದು!

ಕ್ರಿಸ್ತ ವಿಶ್ವಾಸಿಗಳು ಯೋಗ ಮಾಡಬಹುದೇ ಎಂಬ ಪ್ರಶ್ನೆಯನ್ನು ಹಲವರು ಕೇಳಿದ್ದಾರೆ. 2015ರ ಆ ಮೊದಲ ಯೋಗ ದಿನ ಭಾನುವಾರವೇ ಬಂದಿದ್ದರಿಂದ ಚರ್ಚೆ ಇನ್ನಷ್ಟು ಬಿಸಿಯಾಗಿತ್ತು. ರೋಮಿನ ವಿಶ್ವಾಸ ಸಿದ್ಧಾಂತ ಪೀಠವು 1989ರ ಅಕ್ಟೋಬರ್ 15ರಂದು ಧ್ಯಾನದ ಕುರಿತು ಬರೆದ ಪತ್ರದಲ್ಲಿ ಇದಕ್ಕೆ ದಾರಿ ತೋರಿಸಿದೆ. ಇತರ ಧರ್ಮಗಳ ಪದ್ಧತಿಗಳಲ್ಲಿ ಉಪಯುಕ್ತವಾದುದನ್ನು ನಮ್ಮ ಪ್ರಾರ್ಥನೆಯ ಸ್ವರೂಪ ಮಸುಕಾಗದಂತೆ ತೆಗೆದುಕೊಳ್ಳಬಹುದು, ಆದರೆ ಶರೀರಕ್ಕೆ ಆಗುವ ಹಗುರ ಭಾವನೆಯನ್ನೇ ಪವಿತ್ರಾತ್ಮರ ಸಾಂತ್ವನವೆಂದು ಭ್ರಮಿಸಬಾರದು ಎಂಬುದು ಅದರ ತಾತ್ಪರ್ಯ. ಮೈಸೂರಿನ ಚಾಮುಂಡಿ ಬೆಟ್ಟದ ತಪ್ಪಲಲ್ಲಿ ಅಂಜಲಿ ಆಶ್ರಮವನ್ನು ಕಟ್ಟಿದ ಸ್ವಾಮಿ ಅಮಲೋರ್ಪವದಾಸ್ (ಅವರು 1990ರಲ್ಲಿ ತೀರಿಕೊಂಡರು) ತಮ್ಮ ಧ್ಯಾನಕೂಟಗಳಲ್ಲಿ ಆಸನ, ಪ್ರಾಣಾಯಾಮಗಳಿಗೆ ಜಾಗ ಕೊಟ್ಟಿದ್ದರು. ಇನ್ನು ಆಯುಷ್ ಸಚಿವಾಲಯ ಯೋಗ ದಿನಕ್ಕಾಗಿ ರೂಪಿಸಿದ ಸುಮಾರು 45 ನಿಮಿಷಗಳ ಸಾಮಾನ್ಯ ಕ್ರಮದಲ್ಲಿ ಸೂರ್ಯನಮಸ್ಕಾರವನ್ನು ಸೇರಿಸಿಲ್ಲವೆಂಬುದು ಬಹುಜನರಿಗೆ ತಿಳಿಯದು. ಯಾವುದೇ ಶಿಬಿರದಲ್ಲಿ ನಿಮ್ಮ ಮನಸ್ಸಾಕ್ಷಿಗೆ ಒಗ್ಗದ ಮಂತ್ರವೋ ಪೂಜೆಯೋ ಬಂದರೆ ಗೌರವದಿಂದ ಮೌನವಾಗಿರಿ. ಯಾರೂ ಬಲವಂತ ಮಾಡುವುದಿಲ್ಲ. ಮಾಡಿದರೆ ಅಂಥ ಶಿಬಿರ ನಿಮಗೆ ಬೇಡ. ಈ ವಿಷಯ ಇಷ್ಟು ಸಾಕು. ಸೊಂಟನೋವಿನ ತಾಯಂದಿರು ಕಾಯುತ್ತಿದ್ದಾರೆ.

ಸೊಂಟನೋವಿನ ಬಗ್ಗೆ ಒಂದು ಒಳ್ಳೆಯ ಪರೀಕ್ಷೆ ನಮ್ಮ ನಾಡಿನಲ್ಲೇ ನಡೆದಿದೆ. ಬೆಂಗಳೂರಿನ ಹೊರಗೆ ಜಿಗಣಿಯ ಬಳಿ ಪ್ರಶಾಂತಿ ಕುಟೀರವೆಂಬ ವಸತಿ ಕೇಂದ್ರವನ್ನು ನಡೆಸುವ ಎಸ್-ವ್ಯಾಸ ಸಂಸ್ಥೆಯ ಸಂಶೋಧಕರು 2008ರಲ್ಲಿ ಅದನ್ನು ಪ್ರಕಟಿಸಿದರು. ಬಹುಕಾಲದ ಸೊಂಟನೋವಿನ 80 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಎರಡೂ ಗುಂಪುಗಳು ಏಳು ದಿನ ಅಲ್ಲಿಯೇ ಉಳಿದವು. ಒಂದು ಗುಂಪಿಗೆ ಆಸನ, ಪ್ರಾಣಾಯಾಮ, ಧ್ಯಾನ. ಇನ್ನೊಂದಕ್ಕೆ ಸಾಮಾನ್ಯ ಅಂಗಸಾಧನೆ. ವಾರದ ಕೊನೆಗೆ ಯೋಗದ ಗುಂಪಿನವರ ನೋವಿನಿಂದಾಗುವ ಅಡಚಣೆ ಹೆಚ್ಚು ಕಡಿಮೆಯಾಗಿತ್ತು, ಬೆನ್ನು ಹೆಚ್ಚು ಸಡಿಲವಾಗಿತ್ತು. ಒಂದೇ ವಾರದ ಲೆಕ್ಕವಿದು. ಊರಿಗೆ ಬಂದ ಮೇಲೆ ಬಿಟ್ಟುಬಿಟ್ಟರೆ ಏನಾಗುತ್ತದೆಂದು ಇದು ಹೇಳುವುದಿಲ್ಲ. ಆದರೂ ಮನೆ, ಹೊಲ, ಒಲೆ ಮೂರನ್ನೂ ಬಿಟ್ಟು ಇದ್ದ ಆ ಏಳು ದಿನಗಳೇ ಅರ್ಧ ಔಷಧಿಯೆಂದು ನನ್ನ ಅನಿಸಿಕೆ. ಸಂಶೋಧಕರು ಹಾಗೆ ಬರೆದಿಲ್ಲ, ನಾನು ಹೇಳುತ್ತಿದ್ದೇನೆ.

ಮುಂದಕ್ಕೆ ಬಗ್ಗಿ ಭಾರ ಎತ್ತುವಾಗ ಬೆನ್ನೆಲುಬಿನ ನಡುವಿನ ಮೆತ್ತೆಗಳ ಮೇಲೆ ಒತ್ತಡ ಹೆಚ್ಚುತ್ತದೆ. ವರ್ಷಗಟ್ಟಲೆ ಹೀಗೆ ದುಡಿದವರು ಶಿಬಿರದಲ್ಲಿ ಪಾದಹಸ್ತಾಸನ, ಅಂದರೆ ನಿಂತು ಬಗ್ಗಿ ಪಾದ ಮುಟ್ಟುವುದನ್ನು ಹಠದಿಂದ ಮಾಡಬಾರದು. ನಮ್ಮ ಅಂಗಳದಲ್ಲಿ ಪಕ್ಕದ ತರುಣನ ಕೈ ನೆಲ ಮುಟ್ಟಿತೆಂದು ನಾನೂ ಮುಟ್ಟಿಸಲು ಹೋಗಿ, ತೊಡೆಯ ಹಿಂಬದಿಯ ನರ ಹಿಡಿದು ಮೂರು ವಾರ ಪೀಠದ ಮೆಟ್ಟಿಲು ಹತ್ತಲು ಪರದಾಡಿದೆ. ಐವತ್ತು ದಾಟಿದ ಮೇಲೂ ಪೈಪೋಟಿಯ ಬುದ್ಧಿ ಹೋಗುವುದಿಲ್ಲ ನೋಡಿ. ಹೊಲದವರಿಗೆ ಹಿತವಾದುವು ಬೇರೆ: ತಾಡಾಸನದಲ್ಲಿ ಕೈಯೆತ್ತಿ ಮೈ ಸೆಳೆಯುವುದು, ಬೋರಲು ಮಲಗಿ ನಿಧಾನ ಎದೆಯೆತ್ತುವ ಭುಜಂಗಾಸನ, ಅದರ ನಂತರ ಮಕರಾಸನದ ವಿಶ್ರಾಂತಿ, ಅಂಗಾತ ಮಲಗಿ ಮೊಣಕಾಲು ಮಡಚಿ ಸೊಂಟ ಎತ್ತುವ ಸೇತುಬಂಧಾಸನ, ಕೊನೆಗೆ ಶವಾಸನ. ಈ ಶವಾಸನವನ್ನು ಹಗುರವಾಗಿ ಎಣಿಸಬೇಡಿ. ಹಗಲು ಹೊತ್ತಿನಲ್ಲಿ ಹತ್ತು ನಿಮಿಷ ಕೈಕಾಲು ಚಾಚಿ ಮಲಗಿದರೆ ಸೋಮಾರಿ ಎನ್ನುವ ಅತ್ತೆಯರಿರುವ ಮನೆಗಳಲ್ಲಿ ಅದನ್ನು ಆಸನವೆಂದು ಕರೆದಿರುವುದು ಒಂದು ಉಪಕಾರವೇ ಸರಿ.

ಗುಂಪಿನಲ್ಲಿ ಮಾಡುವುದರ ಸಂತೋಷ ಬೇರೆಯೇ. ಒಬ್ಬರೇ ಮನೆಯಲ್ಲಿ ಮೂರು ದಿನ ಮಾಡಿ ನಾಲ್ಕನೆಯ ದಿನ ಬಿಡುತ್ತೇವೆ. ಹತ್ತು ಜನ ಕಾಯುತ್ತಾರೆಂದರೆ ಎದ್ದು ಹೋಗುತ್ತೇವೆ. ಜೊತೆಗೆ ನಮ್ಮ ಗಡಿಭಾಗದ ಕೂಟಗಳಲ್ಲಿ ಭಾಷೆಯ ತಮಾಷೆಯೂ ಸೇರುತ್ತದೆ. ಕಳೆದ ಸಲ ಹೇಳಿಕೊಟ್ಟ ಮಾಸ್ತರರು ತೆಲುಗಿನವರು. ದೇವದುರ್ಗದ ಕಡೆಯಿಂದ ಬೀಗರ ಮನೆಗೆ ಬಂದಿದ್ದ ಹಿರಿಯರೊಬ್ಬರು ಕೊನೆಯ ಸಾಲಿನಲ್ಲಿ ನಿಂತಿದ್ದರು. ಮಾಸ್ತರರು "ಕುಡಿ, ಕುಡಿ" ಎಂದು ಬಲಗೈ ಎತ್ತಿಸುತ್ತಿದ್ದರೆ, ಆ ಹಿರಿಯರು ಪ್ರತಿಸಲವೂ ವಿಧೇಯತೆಯಿಂದ ಬಾಟಲಿಯೆತ್ತಿ ನೀರು ಕುಡಿಯುತ್ತಿದ್ದರು! ಮೂರನೆಯ ಗುಟುಕಿಗೆ ಮಕ್ಕಳಿಗೆ ಗೊತ್ತಾಯಿತು. ಆಮೇಲೆ ಹತ್ತು ನಿಮಿಷ ಯಾವ ಆಸನವೂ ನಡೆಯಲಿಲ್ಲ. ನಕ್ಕದ್ದರಿಂದ ಆದ ಪ್ರಾಣಾಯಾಮವೇ ಸಾಕಾಯಿತು.

ಗುಂಪಿನಲ್ಲಿ ಕಲಿಸುವ ಪರಿಪಾಠ ನಮ್ಮಲ್ಲಿ ಹೊಸದಲ್ಲ. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮಿಗಳು, 'ತಿರುಕ' ಎಂಬ ಹೆಸರಿನಲ್ಲಿ ಬರೆದವರು, ಊರೂರಿಗೆ ಹೋಗಿ ಶಿಬಿರ ನಡೆಸಿ ಹಳ್ಳಿಯ ಹುಡುಗರಿಗೆ ಆಸನ ಕಲಿಸಿದರು. ಅವರು ತೀರಿಕೊಂಡದ್ದು 1996ರಲ್ಲಿ. ಅನಾಥ ಸೇವಾಶ್ರಮ ಇಂದಿಗೂ ಅವರ ಹೆಸರು ಹೇಳುತ್ತದೆ. ಅವರ ಬಳಿ ಕಲಿಯಲು ಯಾರೂ ಬಣ್ಣದ ಚಾಪೆ ಕೊಂಡು ಹೋಗಲಿಲ್ಲ.

ಚಾಪೆಯ ಮಾತು ಬಂದಿದ್ದರಿಂದ ಚೀಲ ಕಟ್ಟುವ ವಿಷಯಕ್ಕೆ ಬರೋಣ. ಶಿಬಿರಕ್ಕೆ ಹೆಸರು ಕೊಟ್ಟವರು ಮೊದಲು ಓಡುವುದು ಅಂಗಡಿಗೆ. ರಬ್ಬರ್ ಚಾಪೆ, ಬಿಗಿಯಾದ ಉಡುಪು, ನೀರಿನ ಬಣ್ಣದ ಬಾಟಲಿ. ಇವು ಬೇಕೇ ಬೇಕೆಂದಿಲ್ಲ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರರು ಬಾಲ್ಯದಲ್ಲಿ ಕಾಯಿಲೆಗಳಿಂದ ಸೊರಗಿದವರು. ಮೈಸೂರಿನಲ್ಲಿ ತಮ್ಮ ಭಾವ ಕೃಷ್ಣಮಾಚಾರ್ಯರ ಬಳಿ ಕಲಿತು, 1937ರಲ್ಲಿ ಪುಣೆಗೆ ಹೋಗಿ, ಅಲ್ಲಿಂದ ಲೋಕಪ್ರಸಿದ್ಧರಾದರು. ಮೈ ಬಾಗದವರಿಗೂ ಆಸನ ಸಾಧ್ಯವಾಗಲೆಂದು ಅವರು ಬಳಸಿದ್ದು ಕಂಬಳಿ, ಪಟ್ಟಿ, ಮರದ ತುಂಡು, ಕುರ್ಚಿ, ಗೋಡೆ. ಇವೆಲ್ಲ ನಮ್ಮ ಮನೆಯಲ್ಲೇ ಇವೆ. ಮಂಡಿಯೂರಿ ಕೂರಲಾಗದವರು ಮಡಚಿದ ಕಂಬಳಿಯನ್ನು ಪಿರ್ರೆಯ ಕೆಳಗಿಟ್ಟುಕೊಂಡರೆ ವಜ್ರಾಸನ ಸಾಧ್ಯವಾಗುತ್ತದೆ. ಕಾಲು ಎಟುಕದವರು ಹಳೆಯ ಪಂಚೆಯನ್ನು ಪಾದಕ್ಕೆ ಹಾಕಿ ಎಳೆದುಕೊಳ್ಳಬಹುದು. ಆದ್ದರಿಂದ ಒಂದು ದಪ್ಪ ಕಂಬಳಿ, ಒಂದು ಜಮಖಾನ, ಒಂದು ಹಳೆಯ ಪಂಚೆ ಇಷ್ಟಿದ್ದರೆ ಸಾಮಗ್ರಿ ಮುಗಿಯಿತು. ಒಂದು ಎಚ್ಚರಿಕೆ: ನುಣುಪು ಕಲ್ಲಿನ ನೆಲದ ಮೇಲೆ ಜಮಖಾನ ಜಾರುತ್ತದೆ. ನಿಂತು ಮಾಡುವ ಆಸನಗಳನ್ನು ಬರಿಗಾಲಲ್ಲಿ, ಬರಿನೆಲದ ಮೇಲೆ ಮಾಡಿ. ಶಿಬಿರದವರೇ ರಬ್ಬರ್ ಚಾಪೆ ಕೊಡುತ್ತಾರೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಉಡುಪಿನ ಬಗ್ಗೆ ಸಂಕೋಚವಿಲ್ಲದೆ ಬರೆಯಬೇಕಾಗಿದೆ. ಗಂಡಸರು ಪಂಚೆಯುಟ್ಟು ಸೇತುಬಂಧಾಸನಕ್ಕೆ ಹೋಗಬಾರದು. ಕಾರಣ ಹೇಳಬೇಕಿಲ್ಲ. ಸಡಿಲ ಪೈಜಾಮ, ಅರ್ಧ ತೋಳಿನ ಹತ್ತಿ ಅಂಗಿ ಒಳ್ಳೆಯದು. ಹೆಂಗಸರಿಗೆ ಚೂಡಿದಾರ್ ಅನುಕೂಲ. ಅದನ್ನು ಎಂದೂ ಹಾಕದ ಹಿರಿಯ ತಾಯಂದಿರು ನಾಟಿಗೆ ಇಳಿಯುವಾಗ ಕಟ್ಟುವಂತೆ ಕಚ್ಚೆ ಹಾಕಿ ಸೀರೆಯುಟ್ಟರೂ ನಡೆಯುತ್ತದೆ, ಮೊಳಕಾಲವರೆಗಿನ ಚಡ್ಡಿ ಒಳಗಿರಲಿ. ನಾರಾಯಣಪೇಟೆ, ಗದ್ವಾಲ ಸೀರೆಗಳ ಊರಿನವರು ನಾವು. ಆ ಜರಿಯಂಚಿನ ಸೀರೆಯನ್ನು ಮಾತ್ರ ಶಿಬಿರಕ್ಕೆ ಒಯ್ಯಬೇಡಿ, ಪೆಟ್ಟಿಗೆಯಲ್ಲೇ ಇರಲಿ. ಗಾಜಿನ ಬಳೆ ಭುಜಂಗಾಸನದಲ್ಲಿ ಒಡೆದು ಮುಂಗೈಗೆ ಚುಚ್ಚುತ್ತದೆ. ಹೊರಡುವ ಮೊದಲು ತೆಗೆದಿಡಿ, ಇಲ್ಲವೆ ಲೋಹದ ಒಂದೊಂದು ಬಳೆ ಇಟ್ಟುಕೊಳ್ಳಿ. ಬಂಗಾರ ಮನೆಯಲ್ಲಿರಲಿ. ಐದು ದಿನಕ್ಕೆ ಮೂರು ಜೊತೆ ಬಟ್ಟೆ ಸಾಕು, ಒಗೆದು ಹಾಕಿದರಾಯಿತು. ಜನವರಿಯ ಬೆಳಗಿನ ಐದು ಗಂಟೆಗೆ ಎಬ್ಬಿಸುತ್ತಾರೆ, ಒಂದು ಶಾಲು ಬೇಕು. ಕಳಚಲು ಸುಲಭವಾದ ಚಪ್ಪಲಿ, ಬ್ಯಾಟರಿ, ಸ್ಟೀಲಿನ ಲೋಟ, ಟವೆಲು, ಸಾಬೂನು, ಸೊಳ್ಳೆಯ ಮುಲಾಮು, ಕನ್ನಡಕ, ಹಲ್ಲಿನ ಸೆಟ್ಟಿದ್ದರೆ ಅದರ ಡಬ್ಬಿ, ಆಧಾರ್ ಚೀಟಿ. ಜಪಸರವನ್ನು ನಾನು ನೆನಪಿಸಬೇಕಾಗಿಲ್ಲವೆಂದುಕೊಳ್ಳುತ್ತೇನೆ.

ಔಷಧಿಯ ಚೀಲವನ್ನು ಬೇರೆಯೇ ಕಟ್ಟಿ, ಕೈಯಲ್ಲೇ ಇಟ್ಟುಕೊಳ್ಳಿ. ಇದು ಎಲ್ಲಕ್ಕಿಂತ ಮುಖ್ಯ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದವರು ಎಷ್ಟು ದಿನದ ಶಿಬಿರವೋ ಅದಕ್ಕಿಂತ ಎರಡು ದಿನ ಹೆಚ್ಚಿನ ಮಾತ್ರೆ ಒಯ್ಯಬೇಕು, ಜೊತೆಗೆ ಡಾಕ್ಟರರ ಚೀಟಿ. ಯೋಗ ಮಾಡಿಸುವುದು ಖಾಲಿ ಹೊಟ್ಟೆಯಲ್ಲಿ. ಕೆಲವು ಸಕ್ಕರೆ ಮಾತ್ರೆಗಳನ್ನಾಗಲಿ, ಇನ್ಸುಲಿನ್ನನ್ನಾಗಲಿ ತೆಗೆದುಕೊಂಡು ಊಟ ತಡವಾದರೆ ಸಕ್ಕರೆ ಇಳಿದು ಬೆವರು, ನಡುಕ, ಕಣ್ಣು ಕತ್ತಲೆ ಬರುತ್ತದೆ. ಹೊರಡುವ ಮುನ್ನವೇ ಡಾಕ್ಟರರನ್ನು ಕೇಳಿ ಮಾತ್ರೆಯ ಹೊತ್ತು ಗೊತ್ತುಮಾಡಿಕೊಳ್ಳಿ. ಜೇಬಿನಲ್ಲಿ ನಾಲ್ಕು ಚಮಚ ಸಕ್ಕರೆಯ ಪೊಟ್ಟಣ ಸದಾ ಇರಲಿ. ಇನ್ಸುಲಿನ್ನನ್ನು ಬಿಸಿಲಿಗೆ ಬಿಡಬೇಡಿ, ಬರ್ಫದ ಮೇಲೂ ಇಡಬೇಡಿ. ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಪಾತ್ರೆಯಲ್ಲಿ ತಂಪಾಗಿರುತ್ತದೆ. ಹತ್ತಿರದ ಊರಿನ ಒಬ್ಬರು ಹಿಂದೊಮ್ಮೆ ಯಾವುದೋ ಶಿಬಿರದಲ್ಲಿ ಹಗುರವೆನಿಸಿತೆಂದು ಮೂರನೆಯ ದಿನವೇ ಮಾತ್ರೆ ನಿಲ್ಲಿಸಿದರು. ಮನೆಗೆ ಬಂದ ತಿಂಗಳಿಗೆ ಕಾಲಿನ ಹುಣ್ಣು ಮಾಯದೆ ಆಸ್ಪತ್ರೆ ಸೇರಿ, ಒಂದು ಬೆರಳು ಕಳೆದುಕೊಂಡರು. ನಾನು ಆಸ್ಪತ್ರೆಗೆ ಹೋಗಿ ಅಭ್ಯಂಗ ಸಂಸ್ಕಾರ ಕೊಟ್ಟಾಗ ಅವರು ಕೇಳಿದ್ದು ಒಂದೇ: "ಯಾರೂ ನನಗೆ ಹೇಳಲಿಲ್ಲ ಫಾದರ್." ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಮಾತ್ರೆ ಬಿಡಿ ಎನ್ನುವ, ಇಲ್ಲವೆ ತಮ್ಮ ಎಣ್ಣೆ ಪುಡಿಗಳನ್ನು ಕೊಳ್ಳಲೇಬೇಕೆನ್ನುವ ಶಿಬಿರದಿಂದ ಅದೇ ದಿನ ಗಂಟುಮೂಟೆ ಕಟ್ಟಿ ಬನ್ನಿ.

ರಕ್ತದೊತ್ತಡ, ಹೃದಯದ ತೊಂದರೆ, ಹರ್ನಿಯಾ ಇದ್ದವರು, ಗರ್ಭಿಣಿಯರು ಕಪಾಲಭಾತಿ ಮಾಡಬಾರದು. ಕಣ್ಣಿನ ಒತ್ತಡ ಇದ್ದವರು ತಲೆ ಕೆಳಗಾಗುವ ಯಾವ ಆಸನವನ್ನೂ ಮಾಡಬಾರದು. ಕೊಳವೆಬಾವಿಯ ಫ್ಲೋರೈಡ್ ನೀರು ಕುಡಿದು ಬೆನ್ನು, ಕತ್ತು ಬಿಗಿದವರು ಹಿರಿಯರಲ್ಲಿದ್ದಾರೆ. ಅವರ ಎಲುಬು ಗಟ್ಟಿಯಾದಂತೆ ಕಂಡರೂ ಒತ್ತಿ ಬಾಗಿಸಿದರೆ ಮುರಿಯಬಹುದು. ಅವರಿಗೆ ಕುರ್ಚಿಯಲ್ಲಿ ಕೂತು ಉಸಿರಾಟ, ಕೈಕಾಲು ಸಡಿಲಿಸುವುದು ಸಾಕು. ಇನ್ನೊಂದು ಮಾತು ಹತ್ತಿ ಬೆಳೆಯುವವರಿಗೆ. ಔಷಧಿ ಸಿಂಪಡಿಸಿ ಬಂದ ಮೇಲೆ ತಲೆನೋವು, ವಾಂತಿ, ಬಾಯಲ್ಲಿ ನೀರೂರುವುದು, ಎದೆ ಬಿಗಿತ ಕಂಡರೆ ಅದು ಗ್ಯಾಸ್ ಅಲ್ಲ, ಪ್ರಾಣಾಯಾಮದಿಂದ ಹೋಗುವುದೂ ಅಲ್ಲ. ಮೈ ತೊಳೆದು, ಬಟ್ಟೆ ಬದಲಿಸಿ, ಔಷಧಿಯ ಡಬ್ಬಿಯ ಚೀಟಿಯೊಡನೆ ನೇರ ಆಸ್ಪತ್ರೆಗೆ ಹೋಗಬೇಕು. ಪಕ್ಕದ ಹೊಲದಲ್ಲಿ ಸಿಂಪಡಣೆ ನಡೆದಿರುವಾಗ ಬದುವಿನ ಮೇಲೆ ಕೂತು ದೀರ್ಘ ಉಸಿರೆಳೆಯುವ ಸಾಹಸವೂ ಬೇಡ.

ಊಟದ ಬಗ್ಗೆ ಮೊದಲೇ ಮನಸ್ಸು ಸಿದ್ಧಮಾಡಿಕೊಳ್ಳಿ. ಶಿಬಿರಗಳಲ್ಲಿ ಖಾರ ಕಡಿಮೆ, ಚಹಾ ಇಲ್ಲವೇ ಇಲ್ಲ. ಜೋಳದ ರೊಟ್ಟಿ, ಹಸಿಮೆಣಸಿನ ಖಾರ, ಶೇಂಗಾ ಹಿಂಡಿ ಉಂಡ ನಾಲಿಗೆಗೆ ಮೊದಲ ಎರಡು ದಿನ ಉಪವಾಸವೆನಿಸುತ್ತದೆ. ದಿನಕ್ಕೆ ಐದು ಸಲ ಚಹಾ ಕುಡಿಯುವವರು ಏಕಾಏಕಿ ಬಿಟ್ಟರೆ ತಲೆ ಸಿಡಿಯುತ್ತದೆ. ಒಂದು ವಾರ ಮೊದಲಿನಿಂದಲೇ ಒಂದೊಂದು ಲೋಟ ಕಡಿಮೆ ಮಾಡುತ್ತ ಬನ್ನಿ. ತಂಬಾಕಿನ ಚೀಲವನ್ನು ಮನೆಯಲ್ಲಿ ಬಿಡಿ. ಗುಟ್ಟಾಗಿ ಉಪ್ಪಿನಕಾಯಿ ಒಯ್ಯುವವರನ್ನು ನಾನು ಬಲ್ಲೆ. ಹೆಸರು ಹೇಳುವುದಿಲ್ಲ.

ಹೋಗುವ ದಾರಿ ಈಗ ಮೊದಲಿನಷ್ಟು ಕಷ್ಟವಿಲ್ಲ. 2023ರ ಅಕ್ಟೋಬರ್ 1ರಂದು ಜಕ್ಲೇರ್‌ನಿಂದ ಕೃಷ್ಣಾವರೆಗಿನ 37 ಕಿಲೋಮೀಟರ್ ಹೊಸ ರೈಲು ಮಾರ್ಗ ಲೋಕಾರ್ಪಣೆಯಾಗಿ, ಅಂದೇ ಕಾಚಿಗುಡ–ರಾಯಚೂರು ರೈಲಿಗೆ ಚಾಲನೆ ದೊರೆಯಿತು. ಮಕ್ತಲ್ ಕಡೆಯ ಜನ ಹಲವು ದಶಕ ಕಾದ ಮಾರ್ಗವದು. ಗದ್ವಾಲದವರಿಗೆ ಹೈದರಾಬಾದ್ ಕಡೆಗೂ ರಾಯಚೂರು ಕಡೆಗೂ ರೈಲಿದೆ. ಹೈದರಾಬಾದಿನಲ್ಲಿ ಬೇಗಂಪೇಟೆಯ ಸರ್ಕಾರಿ ಪ್ರಕೃತಿ ಚಿಕಿತ್ಸಾಲಯವಿದೆ. ಹೈದರಾಬಾದಿನ ಹೆದ್ದಾರಿಯಲ್ಲಿ ಶಾದ್‌ನಗರದಾಚೆ ನಂದಿಗಾಮ ಮಂಡಲದಲ್ಲಿ ಕನ್ಹಾ ಶಾಂತಿವನವಿದೆ, ಅಲ್ಲಿ 2020ರ ಜನವರಿಯಲ್ಲಿ ತೆರೆದ ಧ್ಯಾನಮಂದಿರದಲ್ಲಿ ಒಂದು ಲಕ್ಷ ಜನ ಒಟ್ಟಿಗೆ ಕೂರಬಹುದು. ಕನ್ನಡದಲ್ಲೇ ಹೇಳಿಕೊಡುವವರು ಬೇಕೆಂದರೆ ಜಿಗಣಿ, ಧರ್ಮಸ್ಥಳದ ಶಾಂತಿವನ ಮುಂತಾದುವು ಇವೆ, ಪ್ರಯಾಣ ಮಾತ್ರ ದೂರ. ಎಲ್ಲಿಗೇ ಹೋಗಲಿ, ಖರ್ಚು, ದಿನ, ವಸತಿ ಎಲ್ಲವನ್ನೂ ಮುಂಚೆ ವಿಚಾರಿಸಿ ರಶೀದಿ ಪಡೆಯಿರಿ. ಗುರುತಿಲ್ಲದವರ ಫೋನಿಗೆ ಮುಂಗಡ ಹಣ ಹಾಕಬೇಡಿ. ಸೋಮವಾರ ಆರಂಭವಾಗಿ ಶನಿವಾರ ಮುಗಿಯುವುದನ್ನು ಆರಿಸಿಕೊಂಡರೆ ಭಾನುವಾರದ ಬಲಿಪೂಜೆ ತಪ್ಪುವುದಿಲ್ಲ.

ಇಷ್ಟೆಲ್ಲ ಬರೆದರೂ ನಿಜವಾದ ಕಷ್ಟವನ್ನು ಇನ್ನೂ ಮುಟ್ಟಿಲ್ಲ. ಪಟ್ಟಣದವರು ಬಾಗಿಲಿಗೆ ಬೀಗ ಹಾಕಿ ಹೊರಟರೆ ಆಯಿತು. ರೈತರ ಮನೆಗೆ ಬೀಗ ಹಾಕಲಾಗದು, ಕೊಟ್ಟಿಗೆಯಲ್ಲಿ ಎಮ್ಮೆ ಇದೆ. ಹೋದ ಚಳಿಗಾಲದಲ್ಲಿ ನಮ್ಮ ಧರ್ಮಕೇಂದ್ರದ ಒಂಬತ್ತು ಜನ ತಾಯಂದಿರು ಐದು ದಿನದ ಶಿಬಿರಕ್ಕೆ ಹೋಗಿ ಬಂದರು. ಹೆಸರು ಕೊಟ್ಟವರು ಹದಿನಾಲ್ಕು ಜನ. ಐದು ಜನರನ್ನು ತಡೆದದ್ದು ಗಂಡಂದಿರಲ್ಲ, ಎಮ್ಮೆಗಳು. ಕೈ ಬದಲಾದರೆ ಎಮ್ಮೆ ಹಾಲಿಳಿಸುವುದಿಲ್ಲ, ಡೈರಿಯ ಲೆಕ್ಕ ತಪ್ಪುತ್ತದೆ. ಉಳಿದ ಒಂಬತ್ತು ಮನೆಯವರು ಇದನ್ನು ಮುಯ್ಯಿಯ ಲೆಕ್ಕದಲ್ಲಿ ಬಗೆಹರಿಸಿಕೊಂಡಿದ್ದರು. ಕಳೆಗೆ, ನಾಟಿಗೆ ಒಬ್ಬರ ಹೊಲಕ್ಕೆ ಇನ್ನೊಬ್ಬರು ಹೋಗುವುದಿಲ್ಲವೇ? ಹಾಗೆಯೇ ನಿನ್ನ ಎಮ್ಮೆ ಈ ಸಲ ನಾನು ಕರೆಯುತ್ತೇನೆ, ನನ್ನದನ್ನು ಮುಂದಿನ ಸಲ ನೀನು. ಕರೆಯುವವರು ಒಂದು ವಾರ ಮೊದಲಿನಿಂದಲೇ ಮನೆಯಾಕೆಯ ಜೊತೆ ಕೊಟ್ಟಿಗೆಗೆ ಹೋಗಿ, ಅದೇ ಹೊತ್ತಿಗೆ, ಅದೇ ಹಿಂಡಿ ಇಟ್ಟು, ಕೊನೆಯ ಮೂರು ದಿನ ತಾವೇ ಕರೆದರು. ಮನೆಯಾಕೆ ಉಟ್ಟುಬಿಟ್ಟ ಸೀರೆಯನ್ನು ಹೊದ್ದು ಕೂತರೆ ವಾಸನೆಗೆ ಎಮ್ಮೆ ಮೋಸಹೋಗುತ್ತದೆಂದು ಹಿರಿಯರು ಹೇಳಿದ್ದನ್ನೂ ಒಬ್ಬರು ಮಾಡಿ ನೋಡಿದರಂತೆ. ಹಾಲಿಳಿಯಲಿಲ್ಲವೆಂದು ಇಂಜೆಕ್ಷನ್ ಕೊಡಿಸುವ ದುರಭ್ಯಾಸಕ್ಕೆ ಮಾತ್ರ ಯಾರೂ ಕೈಹಾಕಬೇಡಿ. ಐದು ದಿನ ಅರ್ಧ ಲೀಟರ್ ಕಡಿಮೆಯಾದರೆ ಮನೆ ಮುಳುಗುವುದಿಲ್ಲ.

ಹೀಗೆ ಹೋಗಿಬಂದವರಲ್ಲಿ ಮೊದಲು ನನ್ನನ್ನು ಯಾಕೆ ಬಗ್ಗಬೇಕೆಂದು ಕೇಳಿದ್ದ ಆ ತಾಯಿಯೂ ಒಬ್ಬರು. ಯಾವ ಆಸನ ಹಿಡಿಸಿತೆಂದು ಕೇಳಿದೆ. ಸ್ವಲ್ಪ ಯೋಚಿಸಿ ಹೇಳಿದರು: "ಆಸನ ಎಲ್ಲಾ ಛಲೋನೇ ಅದಾವ ಫಾದರ್. ಆದ್ರ ಲಗ್ನ ಆಗಿ ಇಪ್ಪತ್ತಾರು ವರ್ಷದಾಗ ಮೊದಲನೇ ಸಲ ಐದು ದಿನ ಬ್ಯಾರೆಯವರು ಬಡಿಸಿದ ಅನ್ನ ಉಂಡೆ." ಸೊಂಟ ಹೇಗಿದೆ ಎಂದು ಕೇಳಿದ್ದಕ್ಕೆ, ರಾತ್ರಿ ಮಗ್ಗುಲು ಬದಲಿಸುವಾಗ ಎಚ್ಚರವಾಗುತ್ತಿತ್ತು, ಈಗ ಆಗುತ್ತಿಲ್ಲ ಎಂದರು. ಈಗ ಅವರು ಮತ್ತು ಇನ್ನೂ ಐವರು ಬುಧವಾರ, ಶುಕ್ರವಾರ ಸಂಜೆ ದೇವಾಲಯದ ಹಿಂದಿನ ಕೋಣೆಯಲ್ಲಿ ಸೇರಿ ಅರ್ಧ ಗಂಟೆ ಅಭ್ಯಾಸ ಮಾಡುತ್ತಾರೆ. ಹೊಸಬರು ಬರಬಹುದು. ಕಂಬಳಿ ತನ್ನಿ, ಊಟ ಮಾಡಿ ಮೂರು ಗಂಟೆಯಾಗಿರಲಿ.

ಸಂಕ್ರಾಂತಿಯ ನಂತರ ಇನ್ನೊಂದು ತಂಡವನ್ನು ಕಳಿಸುವ ವಿಚಾರವಿದೆ. ಹೋದ ಸಲ ಎಮ್ಮೆಗಳಿಂದಾಗಿ ಉಳಿದ ಐವರಿಗೆ ಮೊದಲ ಅವಕಾಶ. ಗಂಡಸರೂ ಬೇರೆ ತಂಡವಾಗಿ ಹೆಸರು ಕೊಡಬಹುದು, ಅವರ ಬೆನ್ನೂ ಕಬ್ಬಿಣದ್ದಲ್ಲ. ಕ್ರಿಸ್ಮಸ್ಸಿನ ಮೊದಲು ಧರ್ಮಕೇಂದ್ರದ ಕಚೇರಿಯಲ್ಲಿ ಬಂದು ಬರೆಸಿರಿ. ಪುಸ್ತಕದಲ್ಲಿ ನಾಲ್ಕು ಕಾಲಂ ಹಾಕಿಸಿದ್ದೇನೆ: ಹೆಸರು, ವಯಸ್ಸು, ತೆಗೆದುಕೊಳ್ಳುವ ಔಷಧಿ, ಮತ್ತು ಮನೆಯ ಎಮ್ಮೆಯನ್ನು ಯಾರು ಕರೆಯುತ್ತಾರೆ.